ಮಾವನ ಪೆಟ್ಟಿಗೆ, ಅಳಿಯನ ಪುಸ್ತಕ

ಪ್ರಶ್ನೆ: ನಾವು ಮುಂಬಯಿಯ ಮುಲುಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬ. ಲಾಕ್‌ಡೌನ್ ಮುಗಿದಂದಿನಿಂದ ಹದಿನೈದು ದಿನಕ್ಕೊಮ್ಮೆ ಭಾನುವಾರ ನಮ್ಮ ಮನೆಯಲ್ಲಿ ಆರು ಮಂದಿ ಸೇರಿ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬರು ಕಥೆ ನಡೆಸಿ ತೀರ್ಪು ಕೊಡುವ, ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಹಾಕುವ ಆಟವದು. ನನ್ನ ಅಕ್ಕನ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾಗ ಹೊರದೇಶದ ಬಂದರೊಂದರಲ್ಲಿ ಕೊಂಡ, ಆ ಆಟದ ನಿಯಮಗಳ 1983ರ ಕೆಂಪು ಪೆಟ್ಟಿಗೆ ಇಂದಿಗೂ ಅವರ ಬಳಿ ಇದೆ. ಆಟವೆಂದರೆ ಅದೇ ಎಂದು ಅವರ ನಂಬಿಕೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ 2024ರ ಹೊಸ ನಿಯಮಪುಸ್ತಕದ ಪಕ್ಷ. ಈಚೆಗೆ ಹೊಸ ಕಥೆಯೊಂದನ್ನು ಆರಂಭಿಸಿದೆವು. ಭಾವ ಆಟ ನಡೆಸುತ್ತಿದ್ದರು. ಎರಡನೆಯ ದಿನವೇ ಮಗನ ಮಾಂತ್ರಿಕ ಒಂದು ಸಂದೂಕದ ಬೀಗಕ್ಕೆ ಕೈ ಹಾಕಿದ, ವಿಷದ ಸೂಜಿ ಚುಚ್ಚಿತು, ದಾಳದಲ್ಲಿ 13 ಬೀಳಬೇಕಿದ್ದಲ್ಲಿ 11 ಬಿತ್ತು, ಪಾತ್ರ ಸತ್ತಿತೆಂದು ಭಾವ ತೀರ್ಪು ಕೊಟ್ಟರು. ಮಗ ಪುಸ್ತಕ ಮುಚ್ಚಿ ಎದ್ದು ಹೋದ. ಹೊಸ ಆಟ ಮಕ್ಕಳಾಟವೆಂದು ಇವರು, ಹಳೆಯ ಆಟ ಲೆಕ್ಕ ಬಾರದವರ ಕೆಲಸವೆಂದು ಅವನು. ಮಾವ ಅಳಿಯರ ನಡುವೆ ಈಗ ಮಾತಿಲ್ಲ. ಇಬ್ಬರಲ್ಲಿ ಯಾರು ಸರಿ? ಈ ಜಗಳ ಜಗತ್ತಿನಲ್ಲೆಲ್ಲ ಇದೆಯೆಂದು ಕೇಳಿದ್ದೇನೆ, ಅದೇಕೆ? ನಾವು ಮುಂದೆ ಯಾವ ಆವೃತ್ತಿಯಲ್ಲಿ ಆಡಬೇಕು?

ಉತ್ತರ: ಪತ್ರದ ಜೊತೆಗೆ ಮಗನ ಪಾತ್ರದ ಹಾಳೆಯನ್ನೂ ಕಳುಹಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಜಗಳದ ಮೂಲ ಪತ್ರಕ್ಕಿಂತ ಹೆಚ್ಚಾಗಿ ಆ ಹಾಳೆಯಲ್ಲಿ ಕಾಣುತ್ತದೆ. ಒಂದನೆಯ ಲೆವೆಲ್ಲಿನ (ಆರಂಭದ ಹಂತದ), ಎಂಟು ಹಿಟ್ ಪಾಯಿಂಟಿನ (ತಡೆಯಬಲ್ಲ ಹಾನಿಯ ಅಳತೆ) ಆ ಮಾಂತ್ರಿಕನನ್ನು ಕಟ್ಟಿರುವುದು 2024ರ ನಿಯಮಗಳ ಪ್ರಕಾರ. ಅವನ ಗುರು ಯಾರು, ಅವನು ಮನೆ ಬಿಟ್ಟದ್ದೇಕೆ, ಅವನ ತಂಗಿ ಎಲ್ಲಿ ಕಳೆದುಹೋದಳು ಎಂಬ ಮೂರು ಪುಟದ ಪೂರ್ವಕಥೆಯೂ ಹಿಂಬದಿಗೆ ಲಗತ್ತಾಗಿದೆ. ಅವನು ಸತ್ತಿರುವುದು ಮಾತ್ರ 1983ರ ನಿಯಮದಲ್ಲಿ. ಹುಟ್ಟು ಒಂದು ಪುಸ್ತಕದ್ದು, ಸಾವು ಇನ್ನೊಂದರದ್ದು. ನಿಮ್ಮ ಭಾವನವರೂ ಮಗನೂ ತಂತಮ್ಮ ಪುಸ್ತಕದ ಮಟ್ಟಿಗೆ ಸರಿಯಾಗಿಯೇ ಇದ್ದಾರೆ. ಎರಡನ್ನು ಬೆಸೆದ ಜಾಗದಲ್ಲಿ ಹೊಲಿಗೆ ಬಿಚ್ಚಿದೆ.

ಸೂಜಿಯಿಂದಲೇ ಆರಂಭಿಸೋಣ. 1983ರ ಪೆಟ್ಟಿಗೆಯಲ್ಲಿ ಒಂದನೆಯ ಲೆವೆಲ್ಲಿನ ಮಾಂತ್ರಿಕ ವಿಷದಿಂದ ಪಾರಾಗಲು ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಅಂದರೆ ಬದುಕುವ ಸಾಧ್ಯತೆ ನೂರಕ್ಕೆ 40, ಸಾಯುವುದು 60. ಭಾವನವರು ನಿಯಮ ತಪ್ಪಿಸಿಲ್ಲ. ಹೊಸ ಕಾಲದ ಆಟದಲ್ಲಿ ಇದೇ ಸೂಜಿ ಹೇಗಿದೆ ನೋಡಿ. ಮಗನ ಪುಸ್ತಕಕ್ಕೆ ಮೂಲವಾದ 2014ರ ಆವೃತ್ತಿಯಲ್ಲಿ, ಡಂಜನ್ ಮಾಸ್ಟರ್ ಅಂದರೆ ಆಟ ನಡೆಸುವವರಿಗಾಗಿ ಇರುವ ಗೈಡಿನಲ್ಲಿ, ವಿಷದ ಸೂಜಿ ಚುಚ್ಚಿದವನಿಗೆ ಚುಚ್ಚಿದ ಗಾಯಕ್ಕೆ 1, ವಿಷಕ್ಕೆ ಹತ್ತು ಮುಖದ ಎರಡು ದಾಳಗಳ ಮೊತ್ತ, ಇಷ್ಟು ಹಾನಿ. ಎಂಟು ಹಿಟ್ ಪಾಯಿಂಟಿನವನಿಗೆ ಲೆಕ್ಕ ಹಾಕಿದರೆ ನೂರರಲ್ಲಿ 85 ಬಾರಿ ಅವನು ನೆಲಕ್ಕೆ ಬೀಳುತ್ತಾನೆ. ಅವುಗಳಲ್ಲಿ 21 ಬಾರಿ ಹಾನಿ ಎಷ್ಟು ಮಿಗುತ್ತದೆಂದರೆ ಅಲ್ಲಿಯೇ ಪ್ರಾಣ ಹೋಗುತ್ತದೆ. ಹೊಸ ಆಟದಲ್ಲಿ ಸಾವಿಲ್ಲವೆಂಬ ಮಾವನ ಆರೋಪವಾಗಲಿ, ಹಳೆಯ ಆಟ ಮಾತ್ರ ಕ್ರೂರವೆಂಬ ಅಳಿಯನ ಆರೋಪವಾಗಲಿ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ವ್ಯತ್ಯಾಸವಿರುವುದು ಬಿದ್ದ ಮೇಲೆ. ಹೊಸ ನಿಯಮದಲ್ಲಿ ಬಿದ್ದವನು ಸರದಿಗೊಮ್ಮೆ ದಾಳ ಹಾಕುತ್ತಾನೆ, ಮೂರು ಸಲ ಗೆದ್ದರೆ ಸ್ಥಿರವಾಗುತ್ತಾನೆ, ಮೂರು ಸಲ ಸೋತರೆ ಸಾಯುತ್ತಾನೆ, ಆ ನಡುವೆ ಜೊತೆಗಾರರು ಓಡಿ ಬಂದು ಉಳಿಸಬಹುದು. ಹಳೆಯದರಲ್ಲಿ ಆ ಗಳಿಗೆಯೇ ಇಲ್ಲ.

ಹಳೆಯ ಆಟ ಆ ಗಳಿಗೆಯನ್ನು ಕೊಡದಿರುವುದಕ್ಕೆ ಕಾರಣವಿದೆ. ಅದು ಕೊಡಬೇಕಾದ ಅವಕಾಶವನ್ನೆಲ್ಲ ಸೂಜಿ ಚುಚ್ಚುವ ಮೊದಲೇ ಕೊಟ್ಟಿರುತ್ತದೆ. ಬೀಗವನ್ನು ಮುಟ್ಟುವ ಮುನ್ನ ಆಟಗಾರ ಕೇಳಬೇಕು: ಕೀಲಿಯ ತೂತಿನ ಸುತ್ತ ಗೀರುಗಳಿವೆಯೇ, ತಂತಿಯೊಂದನ್ನು ತೂರಿಸಿದರೆ ಏನಾದರೂ ತಾಗುತ್ತದೆಯೇ, ಸಂದೂಕವನ್ನು ಮಗುಚಿ ಹಿಂಬದಿಯ ಕೀಲನ್ನೇ ಕಿತ್ತರೆ ಆಗದೇ? ನಡೆಸುವವರು ಅಂಥ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು, ಎಚ್ಚರಿಕೆಯ ಸುಳಿವನ್ನು ಬಿಟ್ಟಿರಬೇಕು. ಕೆಂಪು ಪೆಟ್ಟಿಗೆಯೊಳಗಿನ ಆಟಗಾರರ ಪುಸ್ತಕ ಮೊದಲ ಪುಟಗಳಲ್ಲಿಯೇ ಅಲೀನಾ ಎಂಬ ಪೂಜಾರಿಣಿಯನ್ನು ಪರಿಚಯಿಸಿ, ಓದುಗನಿಗೆ ಅವಳ ಮೇಲೆ ಪ್ರೀತಿ ಹುಟ್ಟುವಷ್ಟರಲ್ಲಿ ಬಾರ್ಗಲ್ ಎಂಬ ಮಾಂತ್ರಿಕನ ಕೈಯಲ್ಲಿ ಕೊಲ್ಲಿಸಿಬಿಡುತ್ತದೆ. ಆ ಪೆಟ್ಟಿಗೆಯಿಂದ ಕಲಿತವರ ಎದುರು ಬಾರ್ಗಲ್ ಎಂಬ ಹೆಸರೆತ್ತಿ ನೋಡಿ, ನಲವತ್ತು ವರ್ಷದ ಹಿಂದಿನ ಸಿಟ್ಟು ಮುಖದಲ್ಲಿ ಕಾಣುತ್ತದೆ. ನಿಮ್ಮ ಭಾವನವರ ಮೇಲೂ ಈ ಪ್ರಯೋಗ ಮಾಡಬಹುದು. ಸಾವು ಹತ್ತಿರದಲ್ಲಿಯೇ ಇರುತ್ತದೆಂದು ಅವರಿಗೆ ಮೊದಲ ಪಾಠದಲ್ಲಿಯೇ ಗೊತ್ತಾಯಿತು. ಅದಕ್ಕೆ ತಕ್ಕಂತೆ ಆ ಆಟದಲ್ಲಿ ಹೊಸ ಪಾತ್ರ ಮಾಡಲು ಹತ್ತು ಹದಿನೈದು ನಿಮಿಷ ಸಾಕು. ಆರು ಮುಖದ ಮೂರು ದಾಳಗಳನ್ನು ಆರು ಬಾರಿ ಹಾಕಿ, ಬಂದದ್ದನ್ನು ಬರೆದುಕೊಂಡು, ಮುಂದಿನ ಕೋಣೆಯಲ್ಲಿ ಸೇರಿಕೊಳ್ಳಬಹುದು. ಹೆಸರನ್ನು ಕೂಡ ಎರಡನೆಯ ಲೆವೆಲ್ ತಲುಪಿದ ಮೇಲೆಯೇ ಯೋಚಿಸಿ ಇಡುತ್ತಿದ್ದವರನ್ನು ನಾನು ಬಲ್ಲೆ. ಮೂರು ಪುಟದ ಪೂರ್ವಕಥೆಯುಳ್ಳ, ಒಂದು ಸಂಜೆಯಿಡೀ ಕೂತು ಕಟ್ಟಿದ ಪಾತ್ರಕ್ಕೆ ಇದೇ ಸಾವನ್ನು ಕೊಟ್ಟರೆ ಅದು ಅನ್ಯಾಯವೆನಿಸುತ್ತದೆ, ಮತ್ತು ಅನ್ಯಾಯವೂ ಹೌದು.

ಎರಡು ಆವೃತ್ತಿಗಳು ಆಟಗಾರನಿಗೆ ಕೂಲಿ ಕೊಡುವ ಕೆಲಸಗಳೇ ಬೇರೆ. ನನ್ನ ಮಟ್ಟಿಗೆ ಇಡೀ ಜಗಳದ ತಿರುಳು ಇರುವುದು ಇಲ್ಲಿಯೇ, ಆದರೆ ಜಗಳವಾಡುವವರು ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತನಾಡುತ್ತಾರೆ. 1983ರ ಪೆಟ್ಟಿಗೆಯಲ್ಲಿ ಯೋಧನೊಬ್ಬ ಎರಡನೆಯ ಲೆವೆಲ್ ತಲುಪಲು 2000 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಗಳಿಸಬೇಕು. ಓರ್ಕ್ ಎಂಬ ಒಂದು ರಾಕ್ಷಸಜೀವಿಯನ್ನು ಕೊಂದರೆ ಸಿಗುವುದು 10. ಹಾಗಾಗಿ ಒಬ್ಬನೇ 200 ಓರ್ಕುಗಳನ್ನು ಕೊಲ್ಲಬೇಕು, ಐವರ ತಂಡವಾದರೆ ಸಾವಿರ. ಆದರೆ ಬಂಗಾರದ ಒಂದು ನಾಣ್ಯವನ್ನು ಸುರಕ್ಷಿತವಾಗಿ ಊರಿಗೆ ತಂದರೆ ಒಂದು ಎಕ್ಸ್‌ಪಿ. ಈ ಎರಡು ವಾಕ್ಯಗಳನ್ನು ಓದಿದ ಬುದ್ಧಿವಂತ ಆಟಗಾರ ಓರ್ಕುಗಳ ಜೊತೆ ಹೊಡೆದಾಡುವುದಿಲ್ಲ. ಅವು ಮಲಗಿದ್ದಾಗ ನುಸುಳುತ್ತಾನೆ, ಲಂಚ ಕೊಡುತ್ತಾನೆ, ಒಂದು ಗುಂಪನ್ನು ಇನ್ನೊಂದರ ಮೇಲೆ ಎತ್ತಿಕಟ್ಟುತ್ತಾನೆ, ಚೀಲ ತುಂಬಿಕೊಂಡು ಓಡುತ್ತಾನೆ. 2014ರ ಆವೃತ್ತಿಯಲ್ಲಿ ಎರಡನೆಯ ಲೆವೆಲ್ಲಿಗೆ ಬೇಕಾದದ್ದು 300, ಒಂದು ಓರ್ಕಿಗೆ 100, ಬಂಗಾರಕ್ಕೆ ಸೊನ್ನೆ. ಮೂರೇ ಓರ್ಕುಗಳು. ಅಲ್ಲಿ ಹಿಂಜರಿಯುವವನು ಹಿಂದುಳಿಯುತ್ತಾನೆ. ನೇರವಾಗಿ ಎದುರಿಸುವುದೇ ಆ ಆಟದ ಜಾಣತನ. ಅದಕ್ಕೆಂದೇ ಅದು ಮಾಂತ್ರಿಕನಂಥ ಪಾತ್ರಕ್ಕೆ ಮೊದಲ ದಿನದಿಂದ ಎಷ್ಟು ಬಾರಿ ಬೇಕಾದರೂ ಪ್ರಯೋಗಿಸಬಹುದಾದ ಸಣ್ಣ ಮಂತ್ರಗಳನ್ನು ಕೊಡುತ್ತದೆ, ಎಂಟು ಗಂಟೆ ವಿಶ್ರಾಂತಿ ಪಡೆದರೆ ಹಿಟ್ ಪಾಯಿಂಟುಗಳನ್ನೆಲ್ಲ ಹಿಂದಿರುಗಿಸುತ್ತದೆ. ಹಳೆಯ ಪೆಟ್ಟಿಗೆಯ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಪೂಜಾರಿಗೆ ಒಂದನೆಯ ಲೆವೆಲ್ಲಿನಲ್ಲಿ ಅದೂ ಇಲ್ಲ. ಹೊಡೆದಾಟವನ್ನು ತಪ್ಪಿಸಿಕೊಳ್ಳಿರೆಂದು ಆ ಆಟ ಅವರಿಗೆ ಹೇಳುವ ರೀತಿಯಿದು.

ಹೀಗೆ ಪ್ರತಿಯೊಂದು ಆವೃತ್ತಿಯೂ ಅಪಾಯ, ಕೂಲಿ, ಪಾತ್ರ ಕಟ್ಟಲು ಹಿಡಿಯುವ ಸಮಯ, ತೀರ್ಪು ಕೊಡುವ ಅಧಿಕಾರ ಇವು ನಾಲ್ಕನ್ನು ಒಂದಕ್ಕೊಂದು ತೂಗಿ ಇಟ್ಟ ಒಡಂಬಡಿಕೆ. ಒಂದನ್ನು ಮಾತ್ರ ಕಿತ್ತು ಇನ್ನೊಂದು ಪುಸ್ತಕದ ಪಕ್ಕದಲ್ಲಿ ಇಟ್ಟರೆ ಅದು ಮೂರ್ಖತನದಂತೆ ಕಾಣುವುದು ಸಹಜ. ಓರ್ಕು ಕೊಂದರೆ ಮಾತ್ರ ಬಡ್ತಿ ಸಿಗುವ ಆಟಕ್ಕೆ ಒಂದೇ ದಾಳದಲ್ಲಿ ಸಾಯುವ ನಿಯಮ ಸೇರಿಸಿದರೆ ಅದು ಆತ್ಮಹತ್ಯೆಯ ಆಟವಾಗುತ್ತದೆ. ಬಂಗಾರಕ್ಕೆ ಬಡ್ತಿ ಕೊಡುವ ಆಟದಲ್ಲಿ ಎಲ್ಲರೂ ಸುಲಭಕ್ಕೆ ಸಾಯದ ವೀರರಾದರೆ ನುಸುಳುವ ಜಾಣತನಕ್ಕೆ ಬೆಲೆಯಿಲ್ಲ. ಮಾವ ಅಳಿಯನ ಆಟದಿಂದ, ಅಳಿಯ ಮಾವನ ಆಟದಿಂದ ಒಂದೊಂದೇ ನಿಯಮವನ್ನು ಎತ್ತಿ ತೋರಿಸಿ ನಗುತ್ತಿದ್ದಾರೆ.

ಹಳೆಯ ಆಟ ಲೆಕ್ಕ ಬಾರದವರ ಕೆಲಸವೆಂಬ ಮಾತಿಗೆ ಹೆಚ್ಚು ಜಾಗ ಬೇಕಿಲ್ಲ. ಮಗ ಬಹುಶಃ ಥ್ಯಾಕೋ ಎಂಬ ಹೆಸರನ್ನು ಕೇಳಿ ಹೀಗೆ ಹೇಳುತ್ತಿದ್ದಾನೆ. ರಕ್ಷಣೆಯ ಅಳತೆಯಾದ ಆರ್ಮರ್ ಕ್ಲಾಸ್ ಸೊನ್ನೆ ಇರುವವನನ್ನು ಹೊಡೆಯಲು ದಾಳದಲ್ಲಿ ಬೇಕಾದ ಅಂಕಿಯೇ ಥ್ಯಾಕೋ. 1989ರ ಎರಡನೆಯ ಆವೃತ್ತಿಯಲ್ಲಿ ಆರ್ಮರ್ ಕ್ಲಾಸ್ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಥ್ಯಾಕೋ 18 ಇರುವವನು ಆರ್ಮರ್ ಕ್ಲಾಸ್ 5 ಇರುವವನನ್ನು ಹೊಡೆಯಲು 18ರಿಂದ 5 ಕಳೆದು 13 ಹಾಕಬೇಕು. 2000ದ ಮೂರನೆಯ ಆವೃತ್ತಿ ಇದನ್ನು ತಿರುಗಿಸಿ, ದಾಳಕ್ಕೆ 2 ಕೂಡಿಸಿ 15 ಮುಟ್ಟಿ ಎಂದಿತು. ಬೇಕಾದದ್ದು ಆಗಲೂ ಅದೇ 13. ಕೂಡುವುದು ಕಳೆಯುವುದಕ್ಕಿಂತ ಸುಲಭವೆಂಬುದು ನಿಜ, ಬದಲಾವಣೆ ಒಳ್ಳೆಯದೇ ಆಯಿತು. ಆದರೆ ಗಣಿತ ಒಂದೇ. ಕೆಂಪು ಪೆಟ್ಟಿಗೆಯಲ್ಲಂತೂ ಕಳೆಯುವ ಕೆಲಸವೂ ಇಲ್ಲ, ಕೋಷ್ಟಕ ನೋಡಿದರೆ ಮುಗಿಯಿತು.

ಇನ್ನು, ಈ ಜಗಳ ಜಗತ್ತಿನಲ್ಲೆಲ್ಲ ಏಕಿದೆಯೆಂಬ ಪ್ರಶ್ನೆ. ಹೊಸ ಆವೃತ್ತಿಗಳು ಹುಟ್ಟುವ ಮೊದಲೇ ಇತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಮೂರು ಕಿರುಪುಸ್ತಕಗಳಲ್ಲಿ ಆಟವನ್ನು ಹೊರತಂದಾಗ ಅದರಲ್ಲಿ ಕಳ್ಳನೆಂಬ ಪಾತ್ರವಿರಲಿಲ್ಲ. ಬೀಗ, ಬೋನು, ಗೋಡೆ ಹತ್ತುವುದು ಎಲ್ಲವನ್ನೂ ಎಲ್ಲರೂ ಮಾತಿನಲ್ಲಿ ವಿವರಿಸಿ ಮಾಡುತ್ತಿದ್ದರು. 1975ರ ಗ್ರೇಹಾಕ್ ಎಂಬ ಪುರವಣಿಯಲ್ಲಿ ಕಳ್ಳ ಬಂದ. ಅವನಿಗೆ ಬೀಗ ತೆರೆಯಲು, ಬೋನು ಬಿಚ್ಚಲು, ನೆರಳಿನಲ್ಲಿ ಅಡಗಲು ನೂರಕ್ಕೆ ಇಷ್ಟೆಂದು ಅಂಕಿ ಬಂತು. ಕೂಡಲೇ ಹುಟ್ಟುವ ಪ್ರಶ್ನೆ: ಕಳ್ಳನಿಗೆ ಅಂಕಿ ಇದೆಯೆಂದ ಮೇಲೆ ಅಂಕಿ ಇಲ್ಲದ ಯೋಧ ಅಡಗಬಹುದೇ? ಹೊಸ ನಿಯಮವೊಂದು ಒಬ್ಬನಿಗೆ ಶಕ್ತಿ ಕೊಡುವಾಗ ಉಳಿದವರ ಬಾಯಿ ಕಟ್ಟುತ್ತದೆಯೇ? ಕೆಂಪು ಪೆಟ್ಟಿಗೆಯ ಒಂದನೆಯ ಲೆವೆಲ್ಲಿನ ಕಳ್ಳನಿಗೆ ಬೋನು ಕಂಡುಹಿಡಿಯುವ ಸಾಧ್ಯತೆ ನೂರಕ್ಕೆ ಬರೀ 10. ಮಾತಿನಲ್ಲಿ ಹುಡುಕುವುದನ್ನು ಒಪ್ಪದ ಡಂಜನ್ ಮಾಸ್ಟರ್ ಕೈಯಲ್ಲಿ ಈ ಅಂಕಿ ಸಿಕ್ಕರೆ ಕಳ್ಳ ಮೊದಲ ಸಂದೂಕಕ್ಕೇ ಆಹುತಿ. ಮೊನ್ನೆ ನಿಮ್ಮ ಮನೆಯಲ್ಲಿ ನಡೆದದ್ದು ಐವತ್ತು ವರ್ಷ ಹಳೆಯ ಈ ವಾದದ ಹೊಸ ಕಂತು.

ಮುಂದಿನ ಬಿರುಕುಗಳಲ್ಲಿ ಆಟದಷ್ಟೇ ಹಣದ ಪಾತ್ರವೂ ಇದೆ. 1977ರಿಂದ 1979ರವರೆಗೆ ಅಡ್ವಾನ್ಸ್‌ಡ್ ಎಂಬ ಹೆಸರಿನಲ್ಲಿ ಮೂರು ದಪ್ಪ ಪುಸ್ತಕಗಳು ಬಂದವು. ಅದೇ ಹೊತ್ತಿನಲ್ಲಿ ಸರಳ ಆವೃತ್ತಿಯೂ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿತ್ತು. ಅಡ್ವಾನ್ಸ್‌ಡ್ ಬೇರೆಯೇ ಆಟವೆಂದು ಆಟದ ಪ್ರಕಾಶಕರಾದ ಟಿಎಸ್‌ಆರ್ ಕಂಪನಿ ಹೇಳಿತು. ಬೇರೆ ಆಟವಾದರೆ ಆರ್ನೆಸನ್‌ಗೆ ಅದರ ಗೌರವಧನ ಕೊಡಬೇಕಾಗಿಲ್ಲ. ಅವರು 1979ರಲ್ಲಿ ದಾವೆ ಹೂಡಿದರು, 1981ರಲ್ಲಿ ರಾಜಿಯಾಯಿತು. ಯಾವುದು ನಿಜವಾದ ಆಟವೆಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಹೀಗೆ. ಎರಡೂ ಸಾಲುಗಳು ಅಕ್ಕಪಕ್ಕದಲ್ಲಿ ಬೆಳೆದವು, ಅವುಗಳಲ್ಲಿ ನಿಮ್ಮ ಭಾವನವರ 1983ರ ಪೆಟ್ಟಿಗೆ ಸರಳ ಸಾಲಿನದು. ಅಡ್ವಾನ್ಸ್‌ಡ್ ಆಡಿದವರು ಅದನ್ನೇ ಮಕ್ಕಳಾಟವೆಂದು ಕರೆಯುತ್ತಿದ್ದ ಕಾಲವಿತ್ತೆಂದು ಅವರಿಗೆ ಮೆಲ್ಲನೆ ನೆನಪಿಸಿ.

1985ರಲ್ಲಿ ಗೈಗ್ಯಾಕ್ಸ್ ಕಂಪನಿಯ ಹಿಡಿತ ಕಳೆದುಕೊಂಡರು. 1989ರ ಎರಡನೆಯ ಆವೃತ್ತಿ ಅವರಿಲ್ಲದೆ ಬಂತು. ಮುಂಬಯಿಯ ಫೌಂಟನ್ ಬಳಿಯ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಕೂರುತ್ತಿದ್ದವರಿಂದ ನಾನು ಕೊಂಡ ಮೊದಲ ಪುಸ್ತಕ ಆ ಆವೃತ್ತಿಯದು, ಕೊನೆಯ ಎಂಟು ಪುಟ ಹರಿದಿತ್ತು. ಹಾಗಾಗಿ ಅದರ ವಿಷಯದಲ್ಲಿ ನನ್ನನ್ನು ನಿಷ್ಪಕ್ಷಪಾತಿಯೆಂದು ನಂಬಬೇಡಿ. 1997ರಲ್ಲಿ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು, 1999ರಲ್ಲಿ ಹ್ಯಾಸ್ಬ್ರೋ ಕಂಪನಿ ವಿಝಾರ್ಡ್ಸನ್ನು ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿಯ ಜೊತೆಗೆ ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿ ಬಂತು: ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಮಾಡಿ ಮಾರಬಹುದು. ಆವೃತ್ತಿಗಳ ಜಗಳ ಆರದೆ ಉಳಿದಿರುವುದಕ್ಕೆ ಈ ಪರವಾನಗಿಯೇ ಮುಖ್ಯ ಕಾರಣವೆಂದು ನನ್ನ ನಂಬಿಕೆ. ಅದಕ್ಕೂ ಮೊದಲು ಹಳೆಯ ಆವೃತ್ತಿಯ ಮುದ್ರಣ ನಿಂತರೆ ಅದರ ಅಭಿಮಾನಿಗಳು ಹಳೆಯ ಪ್ರತಿಗಳ ಜೊತೆಗೆ ಮುದುಕರಾಗುತ್ತಿದ್ದರು. ಪರವಾನಗಿ ಬಂದ ಮೇಲೆ 2006ರಲ್ಲಿ ಓಸ್ರಿಕ್ ಎಂಬ ಹೆಸರಿನಲ್ಲಿ ಮೊದಲ ಅಡ್ವಾನ್ಸ್‌ಡ್ ಆಟದ ನಿಯಮಗಳು, 2007ರಲ್ಲಿ ಲ್ಯಾಬಿರಿಂತ್ ಲಾರ್ಡ್ ಎಂಬ ಹೆಸರಿನಲ್ಲಿ 1981ರ ಸರಳ ಆಟದ ನಿಯಮಗಳು ಮತ್ತೆ ಬರೆಯಲ್ಪಟ್ಟವು. 2019ರ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಅದೇ 1981ರ ಆಟವನ್ನು ಇನ್ನಷ್ಟು ಚೊಕ್ಕವಾಗಿ ಜೋಡಿಸಿಕೊಟ್ಟಿತು. ಹಳೆಯ ಪಕ್ಷಕ್ಕೆ ಹೊಸ ಪುಸ್ತಕಗಳು ಬರತೊಡಗಿದವು, ಹೊಸ ತರುಣರು ಸೇರಿದರು. ಇಂದು ಹಳೆಯ ಆಟದ ಪರ ವಾದಿಸುವವರಲ್ಲಿ ಅದು ಮೊದಲು ಬಂದಾಗ ಹುಟ್ಟಿರದವರೇ ಅನೇಕರು.

2008ರ ನಾಲ್ಕನೆಯ ಆವೃತ್ತಿಯ ಕಾಲದಲ್ಲಿ ಜಗಳ ತನ್ನ ಉತ್ತುಂಗಕ್ಕೆ ಹೋಯಿತು. ಯೋಧನಿಂದ ಮಾಂತ್ರಿಕನವರೆಗೆ ಎಲ್ಲರಿಗೂ ಒಂದೇ ಅಚ್ಚಿನ ಶಕ್ತಿಗಳು, ಕೆಲವು ಯಾವಾಗ ಬೇಕಾದರೂ, ಕೆಲವು ಕಾಳಗಕ್ಕೊಮ್ಮೆ, ಕೆಲವು ದಿನಕ್ಕೊಮ್ಮೆ. ಹೊಡೆದಾಟವೆಲ್ಲ ಚೌಕಗಳ ಹಾಸಿನ ಮೇಲೆ. ಅಚ್ಚುಕಟ್ಟಾದ ಯುದ್ಧದಾಟವಾಗಿ ಅದು ಬಹಳ ಒಳ್ಳೆಯದು, ಇದನ್ನು ಹೇಳಿದ್ದಕ್ಕೆ ಹಿಂದೆ ಬೈಸಿಕೊಂಡಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಆ ಆವೃತ್ತಿಗೆ ಹಳೆಯ ಪರವಾನಗಿಯನ್ನು ಕಂಪನಿ ಮುಂದುವರಿಸಲಿಲ್ಲ, ಬಿಗಿಯಾದ ಬೇರೊಂದನ್ನು ತಂದಿತು. 2007ರವರೆಗೆ ಆಟದ ಅಧಿಕೃತ ಪತ್ರಿಕೆಗಳನ್ನು ಪ್ರಕಟಿಸುತ್ತಿದ್ದ ಪೈಝೋ ಸಂಸ್ಥೆ ಹಳೆಯ ಪರವಾನಗಿಯನ್ನೇ ಹಿಡಿದುಕೊಂಡು ಮೂರನೆಯ ಆವೃತ್ತಿಯನ್ನು ತಿದ್ದಿ 2009ರಲ್ಲಿ ಪಾತ್‌ಫೈಂಡರ್ ಎಂದು ಹೊರತಂದಿತು. ಅಂಗಡಿಯ ಕಪಾಟಿನಲ್ಲಿ ಹಳೆಯದು ಹೊಸ ಹೆಸರಿನಲ್ಲಿ, ಹೊಸದು ಹಳೆಯ ಹೆಸರಿನಲ್ಲಿ ಎದುರುಬದುರಾಗಿ ಕೂತವು. 2012ರ ಆರಂಭದಲ್ಲಿಯೇ ಕಂಪನಿ ಮುಂದಿನ ಆವೃತ್ತಿಯನ್ನು ಘೋಷಿಸಿ, ಕರಡು ನಿಯಮಗಳನ್ನು ಆಟಗಾರರಿಗೇ ಕೊಟ್ಟು ಪರೀಕ್ಷಿಸಿತು. 2014ರ ಐದನೆಯ ಆವೃತ್ತಿ ಎಲ್ಲ ಪಕ್ಷಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡ ರಾಜಿ. 2023ರ ಜನವರಿಯಲ್ಲಿ ಹಳೆಯ ಪರವಾನಗಿಯನ್ನು ರದ್ದು ಮಾಡುವ ಕರಡು ಸೋರಿಕೆಯಾದಾಗ ಹಳಬರು ಹೊಸಬರೆನ್ನದೆ ಎಲ್ಲರೂ ಒಂದಾಗಿ ಕೂಗೆಬ್ಬಿಸಿದರು, ಅದೇ ತಿಂಗಳಲ್ಲಿ ಕಂಪನಿ ಹಿಂದೆ ಸರಿದು ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ನಿಮ್ಮ ಮಗನ 2024ರ ಪುಸ್ತಕ ಆ ಐದನೆಯ ಆವೃತ್ತಿಯ ಪರಿಷ್ಕರಣೆ; 2014ರ ಕಥೆಗಳನ್ನು ಅದರಲ್ಲಿ ಹೆಚ್ಚಿನ ತೊಂದರೆಯಿಲ್ಲದೆ ಆಡಬಹುದು.

ನಮ್ಮ ಕಡೆಯವರಿಗೆ ಇಂಥ ಪಂಗಡಗಳು ಹೊಸತೇನೂ ಅಲ್ಲ. ತೆಂಕು ಬಡಗು ಎಂದು, ಇಡೀ ರಾತ್ರಿಯ ಆಟ ಕಾಲಮಿತಿಯ ಆಟ ಎಂದು ವಾದಿಸುತ್ತಾ ಚಹಾ ಆರಿಸಿಕೊಂಡವರನ್ನು ಮುಂಬಯಿಯ ಸಂಘಗಳಲ್ಲಿ ಎಷ್ಟೋ ಕಂಡಿದ್ದೇವೆ. ಆದರೆ ನನಗೆ ಹೆಚ್ಚು ಹತ್ತಿರದ ಹೋಲಿಕೆ ತಾಳಮದ್ದಳೆಯದು: ವೇಷವಿಲ್ಲ, ಕುಣಿತವಿಲ್ಲ, ಸುತ್ತ ಕೂತವರು ಒಂದೊಂದು ಪಾತ್ರ ವಹಿಸಿ ಸ್ಥಳದಲ್ಲಿಯೇ ಮಾತು ಕಟ್ಟುತ್ತಾರೆ, ಭಾಗವತರು ಪದ ಹಾಡಿ ಕಥೆಯನ್ನು ಮುಂದಕ್ಕೆ ದೂಡುತ್ತಾರೆ. ಅಲ್ಲಿ ಅರ್ಥಧಾರಿ ಎಷ್ಟು ಹೊತ್ತು ವಾದಿಸಿದರೂ ಕರ್ಣ ಕೊನೆಗೆ ಸಾಯಲೇಬೇಕು, ಪ್ರಸಂಗದ ಕಟ್ಟು ಗಟ್ಟಿ. ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ನಲ್ಲಿ ಆ ಕಟ್ಟು ಇಲ್ಲ. ಕರ್ಣನ ಗತಿಯನ್ನು ದಾಳ ಹೇಳಬೇಕೋ, ಭಾಗವತ ಹೇಳಬೇಕೋ, ಅರ್ಥಧಾರಿಯ ವಾದ ಹೇಳಬೇಕೋ ಎಂಬುದಕ್ಕೆ ಒಂದೊಂದು ಆವೃತ್ತಿ ಒಂದೊಂದು ಉತ್ತರ ಕೊಡುತ್ತದೆ. 1974ರ ಕಿರುಪುಸ್ತಕಗಳು ಬಹುಪಾಲನ್ನು ಭಾಗವತನಿಗೆ ಬಿಟ್ಟವು, 2000ದ ಆವೃತ್ತಿ ಬಹುಪಾಲನ್ನು ಬರೆದಿಟ್ಟಿತು, 2014ರದ್ದು ಮತ್ತೆ ಸ್ವಲ್ಪ ಬಿಟ್ಟುಕೊಟ್ಟಿತು. ನಿಮ್ಮ ಭಾವನವರು ಭಾಗವತರ ಅಧಿಕಾರ ಚಲಾಯಿಸಿದರು. ಮಗ ಪ್ರಸಂಗದ ಪುಸ್ತಕ ತೆರೆದು ತೋರಿಸಿದ.

ಈಗ ನಿಮ್ಮ ಮೇಜಿನ ವಿಷಯ. ಯಾವ ಆವೃತ್ತಿ ಎಂದು ತೀರ್ಮಾನಿಸುವಾಗ ಈ ನಗರದಲ್ಲಿ ಇರುವವರು ಮೊದಲು ಗಡಿಯಾರವನ್ನು ನೋಡಬೇಕು. ಆರು ಮಂದಿಯಲ್ಲಿ ಇಬ್ಬರು ದಾದರಿನಿಂದ, ಒಬ್ಬರು ಪನ್ವೇಲಿನಿಂದ ಬರುತ್ತಾರೆಂದು ಬರೆದಿದ್ದೀರಿ. ಭಾನುವಾರ ಮಾಟುಂಗ ಮತ್ತು ಮುಲುಂಡಿನ ನಡುವೆ ದುರಸ್ತಿಗಾಗಿ ಲೋಕಲ್ ರೈಲು ತಡೆಯುವ ಮೆಗಾ ಬ್ಲಾಕ್ ಇದ್ದರೆ ಹನ್ನೊಂದಕ್ಕೆ ಎಂದುಕೊಂಡ ಆಟ ಹನ್ನೆರಡೂವರೆಗೆ ಶುರುವಾಗುತ್ತದೆ, ಊಟ ಕಳೆದು ಕೈಯಲ್ಲಿ ಉಳಿಯುವುದು ನಾಲ್ಕು ಗಂಟೆ. ನನ್ನ ಮೇಜಿನ ಅನುಭವದಲ್ಲಿ ಐವರು ಆಟಗಾರರ ಒಂದು ಕಾಳಗ ಹಳೆಯ ಸರಳ ನಿಯಮಗಳಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೊಸ ನಿಯಮಗಳಲ್ಲಿ ಐದನೆಯ ಲೆವೆಲ್ ದಾಟಿದ ಮೇಲೆ ಒಂದು ಗಂಟೆಗೆ ಕಡಿಮೆ ಹಿಡಿದದ್ದನ್ನು ನಾನು ಕಂಡಿಲ್ಲ. ಇನ್ನೊಂದು ವಿಚಾರ, ಒಬ್ಬರು ಬರದ ದಿನ ಏನು ಮಾಡುತ್ತೀರಿ? ಮೂರು ಪುಟದ ಪೂರ್ವಕಥೆಯುಳ್ಳ ಪಾತ್ರಗಳ ಸುತ್ತ ಹೆಣೆದ ಕಥೆ ಒಬ್ಬರಿಲ್ಲದಿದ್ದರೆ ನಿಂತುಹೋಗುತ್ತದೆ. ಗೈಗ್ಯಾಕ್ಸ್ ಮೇಜಿನಲ್ಲಿ ದಿನಕ್ಕೊಂದು ಗುಂಪು ಸೇರುತ್ತಿತ್ತು, ಬಂದವರು ನೆಲಮಾಳಿಗೆಗೆ ಇಳಿದು ಆಟ ಮುಗಿಯುವ ಮೊದಲು ಊರಿಗೆ ಮರಳುತ್ತಿದ್ದರು; ಹಳೆಯ ನಿಯಮಗಳು ಆ ಏರ್ಪಾಡಿಗೆ ಒಗ್ಗಿಕೊಂಡವು. ಹೊಸ ಆಟಕ್ಕೆ ಬೇಕಾದದ್ದು ತಪ್ಪದೆ ಬರುವ ನಾಲ್ಕೈದು ಮಂದಿ. ನಿಮ್ಮ ಹಾಜರಿ ನೀವೇ ಬಲ್ಲಿರಿ.

ಎರಡು ಪುಸ್ತಕಗಳನ್ನು ಕಲಸಿ ಮೂರನೆಯದನ್ನು ಮಾಡುವ ಆಸೆ ಬಂದರೆ ಸದ್ಯಕ್ಕೆ ತಡೆಯಿರಿ ಎನ್ನುತ್ತೇನೆ. ಚೆನ್ನೆಮಣೆಯಲ್ಲಿ ಮನೆಗೊಂದು ನಿಯಮವಿದ್ದರೂ ಹದಿನಾಲ್ಕು ಗುಳಿ ಬದಲಾಗದಿರುವುದರಿಂದ ಆಟ ನಡೆಯುತ್ತದೆ. ಇಲ್ಲಿ ಗುಳಿಗಳ ಲೆಕ್ಕವೇ ಬೇರೆ. ಬದಲಿಗೆ ಸರದಿ ಹಾಕಿಕೊಳ್ಳಿ. ಮಗ ಹೊಸ ಪುಸ್ತಕದಲ್ಲಿ ಐದು ಭಾನುವಾರ ನಡೆಸಲಿ, ಭಾವನವರು ಆಟಗಾರರಾಗಿ ಕೂರಲಿ. ಅನಂತರ ಐದು ಭಾನುವಾರ ಭಾವನವರು ಪೆಟ್ಟಿಗೆಯ ನಿಯಮದಲ್ಲಿ ನಡೆಸಲಿ, ಆಗ ಮಗ ದಾಳ ಹಾಕಿ ಹತ್ತು ನಿಮಿಷದಲ್ಲಿ ಪಾತ್ರ ಮಾಡಿಕೊಳ್ಳಲಿ, ಪೂರ್ವಕಥೆ ಬರೆಯುವುದು ಬೇಡ. ಈ ಕ್ರಮ ಬಹುಶಃ ಮಾವನಿಗೇ ಹೆಚ್ಚು ಕಷ್ಟ. ಹಳಬರು ನಡೆಸುವುದರಲ್ಲಿ ನಿಸ್ಸೀಮರು, ಆಟಗಾರರಾಗಿ ಕೂತು ಇನ್ನೊಬ್ಬರ ತೀರ್ಪು ಒಪ್ಪುವುದು ಅವರಿಗೆ ಒಗ್ಗದು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಗ ನಡೆಸುವಾಗ ಮಾವನ ಸಂಗ್ರಹದ ಹಳೆಯ ಕಥೆಯೊಂದನ್ನು ಬಳಸಿದರೆ ಇಬ್ಬರಿಗೂ ಹಿತವಾದೀತು. ಅದಕ್ಕೆ ಹಳೆಯ ಜೀವಿಗಳ ಅಂಕಿಗಳನ್ನು ಹೊಸದಕ್ಕೆ ಪರಿವರ್ತಿಸುತ್ತಾ ಕೂರಬೇಡಿ;ಕಥೆಯಲ್ಲಿ ಗಾಬ್ಲಿನ್ ಎಂದಿದ್ದರೆ ಆಟದ ಜೀವಿಗಳ ಪುಸ್ತಕವಾದ ಹೊಸ ಮಾನ್ಸ್ಟರ್ ಮ್ಯಾನ್ಯುಯಲ್‌ನ ಗಾಬ್ಲಿನ್ನನ್ನೇ ಇಡಿ, ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಿ. ಹಳೆಯ ಕಥೆಗಳಲ್ಲಿ ಮೂಲೆ ಮೂಲೆಗೂ ಬಂಗಾರ ಸಿಗುವುದು ಅದು ಬಡ್ತಿಯ ಕೂಲಿಯಾಗಿದ್ದರಿಂದ. ಹೊಸ ನಿಯಮದಲ್ಲಿ ಅಷ್ಟನ್ನೂ ಬಿಟ್ಟರೆ ಎರಡನೆಯ ಭಾನುವಾರವೇ ಎಲ್ಲರೂ ಶ್ರೀಮಂತರಾಗಿ ಗುಹೆಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ಬೋನುಗಳಿರುವಲ್ಲಿ ಒಂದು ಸುಳಿವು ಸೇರಿಸಿ: ತುಕ್ಕು ಹಿಡಿದ ಸಂದೂಕದಲ್ಲಿ ಬೀಗ ಮಾತ್ರ ಹೊಸದು, ಅಥವಾ ಪಕ್ಕದಲ್ಲಿ ಒಣಗಿದ ಇಲಿ.

ಉಳಿದದ್ದು ಸತ್ತ ಮಾಂತ್ರಿಕ. ತೀರ್ಪನ್ನು ಹಿಂತೆಗೆದುಕೊಳ್ಳಿರೆಂದು ಭಾವನವರನ್ನು ಕೇಳಬೇಡಿ, ಅದು ಅವರಿಗೂ ಸರಿಬಾರದು, ಮಗನಿಗೂ ರುಚಿಸದು. ಸತ್ತವರನ್ನು ಬದುಕಿಸುವ ರೇಸ್ ಡೆಡ್ ಎಂಬ ಮಂತ್ರ ಎರಡೂ ಆಟಗಳಲ್ಲಿದೆ. ಮಾವನ ಸಾಲಿನಲ್ಲಿ ಅದು ಕೆಂಪು ಪೆಟ್ಟಿಗೆಯಲ್ಲಿಲ್ಲ, ಅದರ ಮುಂದಿನ ಎಕ್ಸ್‌ಪರ್ಟ್ ಪೆಟ್ಟಿಗೆಯಲ್ಲಿದೆ, ಮಗನ ಪುಸ್ತಕದಲ್ಲಿ ಅದಕ್ಕೆ 500 ಬಂಗಾರದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನದೊಳಗೆ ಆಗಬೇಕು. ಜೊತೆಗಾರರು ಹೆಣವನ್ನು ಹೊತ್ತು ಊರಿನ ದೇವಾಲಯದ ಹಿರಿಯ ಪೂಜಾರಿಯ ಬಳಿಗೆ ಹೋಗಲಿ, ಅವನು ಸಾಲದ ಮೇಲೆ ಬದುಕಿಸಿಕೊಡಲಿ. ಆ ಸಾಲ ತೀರುವವರೆಗೆ ತಂಡ ಗುಹೆಗಳಿಂದ ತರುವ ಬಂಗಾರಕ್ಕೆ ಹೊಸ ನಿಯಮದಲ್ಲಿಯೂ ಒಂದು ಕೆಲಸ ಸಿಕ್ಕಂತಾಗುತ್ತದೆ, ಪೂರ್ವಕಥೆಯ ತಂಗಿಯನ್ನು ಹುಡುಕಲು ಮಾಂತ್ರಿಕನೂ ಉಳಿಯುತ್ತಾನೆ. ಸಾಲದ ಮೊತ್ತವನ್ನು ಭಾವನವರೇ ಗೊತ್ತುಪಡಿಸಲಿ. ಆದರೆ ಎಲ್ಲರೆದುರು, ದಾಳ ಕೈಗೆತ್ತಿಕೊಳ್ಳುವ ಮೊದಲೇ ಹೇಳಲಿ.